ಜಲಪರ್ಣಿ: ಹೂವು ಚೆಂದ, ಕೆರೆಗೆ ಕಂಟಕ

ಮುಂಬಯಿಯ ಪೊವಾಯಿ ಕೆರೆಯ ದಡದಲ್ಲಿ ನಿಂತವರಿಗೆ, ಪುಣೆಯ ಮುಳಾ-ಮುಠಾ, ಪವನಾ ನದಿಗಳ ಸೇತುವೆ ದಾಟುವವರಿಗೆ ನೀರಿಗೆ ಹಸುರು ಹಾಸು ಹೊದಿಸಿದಂತಹ ನೋಟ ಹೊಸತಲ್ಲ. ನಡುನಡುವೆ ತಿಳಿನೇರಳೆ ಹೂಗೊಂಚಲು ಬೇರೆ. ಮರಾಠಿಯಲ್ಲಿ ಜಲಪರ್ಣಿ, ಹಿಂದಿಯಲ್ಲಿ ಜಲಕುಂಭಿ ಎನ್ನುವ ಈ ಕಳೆ ನಮ್ಮ ದೇಶದ್ದಲ್ಲ. ದಕ್ಷಿಣ ಅಮೆರಿಕ ಇದರ ತವರು. 19ನೇ ಶತಮಾನದ ಕೊನೆಯಲ್ಲಿ ಅಲಂಕಾರದ ಗಿಡವಾಗಿ ಬಂಗಾಳಕ್ಕೆ ಬಂದು, ಅಲ್ಲಿನ ಜಲಮಾರ್ಗಗಳನ್ನೇ ಮುಚ್ಚಿ 'ಬಂಗಾಳದ ಪಿಡುಗು' ಎನಿಸಿಕೊಂಡಿತು.

ಗುರುತಿಸುವುದು ಹೇಗೆ?

ಹೊಳೆಯುವ ದುಂಡನೆಯ ಎಲೆ, ಉಬ್ಬಿದ ತೊಟ್ಟು, ಕೆಳಗೆ ಗರಿಯಂತೆ ಜೋಲುವ ಕಪ್ಪು ಬೇರು, ಹೂವಿನ ಆರು ಎಸಳುಗಳಲ್ಲಿ ಮೇಲಿನದರ ಮೇಲೆ ಹಳದಿ ಬೊಟ್ಟು: ಇದ್ದರೆ ಅದು ಜಲಪರ್ಣಿ. ಗಿಡಗಳು ಒತ್ತಾಗಿ ಬೆಳೆದಲ್ಲಿ ತೊಟ್ಟು ಉಬ್ಬದೆ ಉದ್ದವಾಗುತ್ತದೆ. ಎಲೆಕೋಸಿನಂತೆ ಕಾಣುವ, ಮಖಮಲ್ಲಿನಂತಹ ಎಲೆಯದು ಅಂತರಗಂಗೆ. ಇದೂ ಕಾಟ ಕೊಡುವ ಕಳೆಯೇ. ಆದರೆ ಕೆಸರಿನಲ್ಲಿ ಬೇರೂರುವ ತಾವರೆ, ನೈದಿಲೆಗಳು ಕೆರೆಯ ಸ್ವಂತ ಮಕ್ಕಳು, ಅವನ್ನು ಕೀಳಬಾರದು.

ಅನುಕೂಲ ಸಿಕ್ಕರೆ ಜಲಪರ್ಣಿ ಸುಮಾರು ಎರಡು ವಾರಗಳಲ್ಲಿ ದುಪ್ಪಟ್ಟಾಗುತ್ತದೆ. ಬಿಸಿಲು ನೀರಿಗಿಳಿಯದೆ, ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಮರಿ ಇದರ ಬೇರಿಗೆ ಅಂಟಿಕೊಂಡೇ ಉಸಿರಾಡುತ್ತದೆ. ಮಳೆಗಾಲದಲ್ಲಿ ಗಿಡಗಳ ರಾಶಿ ನಾಲೆ-ಸೇತುವೆಗಳಿಗೆ ಸಿಕ್ಕಿಕೊಂಡು ನೀರಿನ ಹರಿವಿಗೆ ಅಡ್ಡಿಯಾಗುತ್ತದೆ.

ನಿಯಂತ್ರಣದ ದಾರಿ

ಹೂ ಬಿಡುವ ಮೊದಲೇ, ಬೇಸಗೆಯಲ್ಲಿ ನೀರು ಇಳಿದಾಗ ಬೇರುಸಹಿತ ತೆಗೆಯುವುದು ಉತ್ತಮ. ಬೀಜ ಹತ್ತು-ಹದಿನೈದು ವರ್ಷಗಳ ನಂತರವೂ ಮೊಳೆಯಬಲ್ಲುದು. ತೆಗೆದ ಗಿಡವನ್ನು ದಡದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಮತ್ತೆ ನೀರುಪಾಲು. ದೂರ ಸಾಗಿಸಿ ಒಣಗಿಸಬೇಕು. ಕಾರ್ಖಾನೆ ನೀರು ಸೇರುವ ಕಡೆಯ ಗಿಡ ಭಾರ ಲೋಹಗಳನ್ನು ಹೀರಿರುತ್ತದೆ, ತರಕಾರಿ ಗೊಬ್ಬರಕ್ಕೆ ಬೇಡ. ಕಳೆನಾಶಕ ಸಿಂಪಡಿಸಿದರೆ ಗಿಡ ನೀರಿನಲ್ಲೇ ಕೊಳೆತು ಇನ್ನಷ್ಟು ಹಾನಿ.

ಕನ್ನಡ ನಾಡಿಗೂ ಈ ಹೋರಾಟದಲ್ಲಿ ಪಾಲಿದೆ. ಈ ಗಿಡವನ್ನೇ ತಿಂದು ಬದುಕುವ ಮೂತಿಹುಳುಗಳನ್ನು 1980ರ ದಶಕದ ಆರಂಭದಲ್ಲಿ ತರಿಸಿ, ಪರೀಕ್ಷಿಸಿ, ಕೆರೆಗಳಿಗೆ ಬಿಟ್ಟದ್ದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಕೆಲವು ಕೆರೆಗಳಲ್ಲಿ ಒಳ್ಳೆಯ ಫಲ ಸಿಕ್ಕಿತು. ಆದರೆ ಕೊಳಚೆ ತುಂಬಿದ ನೀರಿನಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಬೆಳೆಯುತ್ತದೆ.

ಮೂಲ ಇರುವುದು ಇಲ್ಲೇ. ಜಲಪರ್ಣಿಗೆ ಅನ್ನ ಹಾಕುವುದು ನಮ್ಮ ಚರಂಡಿಯಲ್ಲಿ ಹರಿಯುವ ಸಾರಜನಕ, ರಂಜಕ. ಒಳಚರಂಡಿಯ ನೀರು ಕೆರೆಗೆ ಸೇರುತ್ತಿರುವವರೆಗೆ ಯಂತ್ರ ತಂದು ಎಷ್ಟು ಸಲ ಎತ್ತಿದರೂ ಮತ್ತೆ ಹಬ್ಬುತ್ತದೆ, ಖರ್ಚಾದ ತೆರಿಗೆ ಹಣವೂ ನೀರಿಗೇ.

ನಮ್ಮ ಸಂಘ-ಸಂಸ್ಥೆಗಳು ಶ್ರಮದಾನ ಹಮ್ಮಿಕೊಳ್ಳುವುದಾದರೆ ಪಾಲಿಕೆಯ ಅನುಮತಿ ಪಡೆದು ಮಾರ್ಚ್-ಏಪ್ರಿಲ್‌ನಲ್ಲೇ ಮಾಡುವುದು ಲೇಸು. ಜತೆಗೆ ತಮ್ಮ ಹೌಸಿಂಗ್ ಸೊಸೈಟಿಯ ಕೊಳಚೆ ಎಲ್ಲಿ ಸೇರುತ್ತದೆಂದು ಸದಸ್ಯರು ಸಭೆಯಲ್ಲಿ ಕೇಳಲಿ. ಮನೆಯ ಅಕ್ವೇರಿಯಂ, ಹೂಕುಂಡಗಳ ನೀರುಗಿಡಗಳನ್ನು ಕೆರೆ-ನಾಲೆಗೆ ಎಸೆಯದಿರಲಿ. ಬಂಗಾಳಕ್ಕೆ ಈ ಪಿಡುಗು ಬಂದದ್ದೂ ಚೆಂದದ ಗಿಡವೆಂದೇ ಅಲ್ಲವೇ?