ಬೆಸುಗೆಯೆಂಬ ಸೂಕ್ಷ್ಮವಿದ್ಯೆ

ಬೆಂಗಳೂರಿನ ಪುರಭವನಕ್ಕೆ ಅನತಿದೂರದಲ್ಲಿರುವ ಎಸ್.ಪಿ. ರಸ್ತೆಯಲ್ಲಿ, ಕೇಬಲ್ಲು ಕೀಬೋರ್ಡುಗಳನ್ನು ಮಾರುವ ಮಳಿಗೆಗಳ ನಡುವೆ, ‘ಚಿಪ್ ಲೆವೆಲ್ ಸರ್ವಿಸ್’ ಎಂಬ ಫಲಕವನ್ನು ಹೊತ್ತ ಕಿರುಗೋಣೆಗಳು ಅಲ್ಲಲ್ಲಿ ಕಾಣಸಿಗುವುವು. ತೆರೆಯ ತುಂಬ ಗೆರೆಗಳು ಮೂಡಿಯೋ, ದೀಪವೂ ಫ್ಯಾನೂ ನೆಟ್ಟಗಿದ್ದು ಚಿತ್ರವೇ ಮೂಡದೆಯೋ ನಿರುಪಯುಕ್ತವಾದ ಲ್ಯಾಪ್‌ಟಾಪುಗಳನ್ನು ಪುನಃ ಬಳಕೆಗೆ ತರುವ ಕೈಗಳ ಕೌಶಲವು ನಮ್ಮ ಯಾವ ಕುಶಲಕಲೆಗೂ ಕಡಿಮೆಯಾದುದಲ್ಲವೆಂದು ನನ್ನ ದೃಢವಾದ ನಂಬಿಕೆ.

ಮೇಜಿನ ಕಂಪ್ಯೂಟರಿನಲ್ಲಾದರೆ ಕೆಟ್ಟ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಬೇರೊಂದನ್ನು ಸಿಕ್ಕಿಸಬಹುದು. ಲ್ಯಾಪ್‌ಟಾಪಿನಲ್ಲಿ, ಬಿಡಿ ಕಾರ್ಡುಳ್ಳ ಕೆಲವೇ ಮಾದರಿಗಳನ್ನು ಬಿಟ್ಟರೆ, ಗ್ರಾಫಿಕ್ಸ್ ಚಿಪ್ಪು ಸಾಸಿವೆಗಿಂತಲೂ ಕಿರಿದಾದ ನೂರಾರು ಬೆಸುಗೆಯ ಗುಂಡುಗಳಿಂದ ಮದರ್‌ಬೋರ್ಡಿಗೇ ಬಂಧಿತವಾಗಿರುವುದು. ಆದುದರಿಂದ ಬಲ್ಲ ಕುಶಲಿಯು ಮೊದಲು ಹೊರಗಿನ ಮಾನಿಟರೊಂದನ್ನು ಜೋಡಿಸಿ ನೋಡುವನು. ಅಲ್ಲಿ ಚಿತ್ರವು ನಿರ್ಮಲವಾಗಿದ್ದರೆ ದೋಷವು ಬಹುಮಟ್ಟಿಗೆ ತೆರೆಯದೋ ಅದರ ಕೇಬಲ್ಲಿನದೋ ಆಗಿದ್ದು, ಚಿಪ್ಪಿಗೆ ಕೈಹಚ್ಚುವ ಪ್ರಮೇಯವೇ ಬಾರದು.

ಚಿಪ್ಪೇ ಕೆಟ್ಟಿದ್ದಲ್ಲಿ, ಬೋರ್ಡು ಸೊಟ್ಟಗಾಗದಂತೆ ಕೆಳಗಿನಿಂದ ಅದನ್ನು ಮೆಲ್ಲಗೆ ಕಾಯಿಸುತ್ತ, ಮೇಲಿನಿಂದ ಚಿಪ್ಪಿನ ಮೇಲಷ್ಟೇ ಬಿಸಿಗಾಳಿಯನ್ನು ಹಾಯಿಸುವ ಬಿಜಿಎ ಯಂತ್ರದ ಸರದಿ. ಸೀಸ ಬೆರೆತ ಹಳೆಯ ಬೆಸುಗೆಯು 183 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತಿದ್ದಿತು. ಯೂರೋಪಿನ ಒಕ್ಕೂಟದಲ್ಲಿ 2006ರ ಜುಲೈ 1ರಿಂದ ಸೀಸಕ್ಕೆ ನಿರ್ಬಂಧ ಬಂದ ಮೇಲೆ ವ್ಯಾಪಕವಾದ ತವರ, ಬೆಳ್ಳಿ, ತಾಮ್ರಗಳ ಮಿಶ್ರಣವಾದರೋ ಸುಮಾರು 217 ಡಿಗ್ರಿಯನ್ನು ಬೇಡುವುದು. ಬೆಸುಗೆ ಪೂರ್ತಿಯಾಗಿ ಕರಗುವ ಮೊದಲೇ ಚಿಪ್ಪನ್ನೆತ್ತಿದರೆ ಬೋರ್ಡಿನ ತಾಮ್ರದ ಬಿಂದುಗಳೇ ಕಿತ್ತುಬರುವುವು. ತಾಪ ಮಿತಿಮೀರಿದರೆ ಬೋರ್ಡಿನ ಪದರಗಳೇ ಉಬ್ಬುವುವು. ಹಳೆಯ ಬೆಸುಗೆಯನ್ನು ತಾಮ್ರದ ಹೆಣಿಗೆಪಟ್ಟಿಯಿಂದ ಒರೆಸಿ, ಫ್ಲಕ್ಸ್ ಲೇಪಿಸಿ, ಹೊಸ ಚಿಪ್ಪನ್ನು ಗುರುತಿಗೆ ಸರಿಯಾಗಿ ಕೂರಿಸಿ, ತಾಪವನ್ನು ಕ್ರಮವಾಗಿ ಏರಿಸಿ ಇಳಿಸುವಷ್ಟು ಹೊತ್ತೂ ಆತನ ದೃಷ್ಟಿ ಅತ್ತಿತ್ತ ಹೊರಳುವಂತಿಲ್ಲ.

ಕೆಟ್ಟ ಚಿಪ್ಪಿಗೇ ಹೊಸ ಗುಂಡುಗಳನ್ನು ಕಟ್ಟಿ ಮರಳಿ ಕೂರಿಸುವ ರೀಬಾಲಿಂಗ್ ಎಂಬ ಕ್ರಮವೂ ಉಂಟು. ಬಿರುಕು ಬಿಟ್ಟಿರುವುದು ಆ ಗುಂಡುಗಳೇ ಆಗಿದ್ದರೆ ಅದು ಫಲಿಸುವುದು. ಆದರೆ ಅನೇಕ ವೇಳೆ ಬಿರುಕಿರುವುದು ಚಿಪ್ಪಿನ ಒಳಗೆ, ಸಿಲಿಕಾನಿಗೂ ಅದರ ಪೀಠಕ್ಕೂ ನಡುವಣ ಇನ್ನೂ ಸೂಕ್ಷ್ಮವಾದ ಬೆಸುಗೆಯಲ್ಲಿ. 2008ರ ಜುಲೈನಲ್ಲಿ ಎನ್ವಿಡಿಯಾ ಸಂಸ್ಥೆಯು ಲ್ಯಾಪ್‌ಟಾಪಿನ ಕೆಲವು ಚಿಪ್ಪುಗಳ ದುರ್ಬಲ ಜೋಡಣೆಯ ಸಲುವಾಗಿ 15ರಿಂದ 20 ಕೋಟಿ ಡಾಲರುಗಳ ಹೊರೆಯನ್ನು ಹೊರುವುದಾಗಿ ಪ್ರಕಟಿಸಿದುದು ಇಂತಹ ದೋಷದ ಪ್ರಖ್ಯಾತ ನಿದರ್ಶನ. ಅಂತಹ ಚಿಪ್ಪು ಬರಿಯ ಶಾಖಕ್ಕೇ ಕೆಲವು ದಿನವೋ ತಿಂಗಳೋ ಚೇತರಿಸಿಕೊಂಡು ಪುನಃ ಕೈಕೊಡುವುದು. ಈ ತಾತ್ಕಾಲಿಕ ಉಪಾಯವನ್ನು ದುರಸ್ತಿಯೆಂದು ಹಣ ಪಡೆಯುವವರು ಇರುವರು. ಹೊಸ ಚಿಪ್ಪಲ್ಲದೆ ಗತಿಯಿಲ್ಲವೆಂದು ಮೊದಲೇ ನುಡಿಯುವವರೂ ಇರುವರು, ಮತ್ತು ನಾವು ಹುಡುಕಿಕೊಂಡು ಹೋಗಬೇಕಾದುದು ಇವರನ್ನೇ. ಪ್ರೊಸೆಸರಿನಲ್ಲಿಯೇ ಗ್ರಾಫಿಕ್ಸ್ ಸೌಕರ್ಯವಿರುವ ಕೆಲವು ಮಾದರಿಗಳಲ್ಲಿ ಕೆಟ್ಟ ಚಿಪ್ಪನ್ನು ನಿಷ್ಕ್ರಿಯಗೊಳಿಸುವಷ್ಟರಿಂದಲೇ ಕಾರ್ಯ ಸಾಗುವುದೆಂದು ಇವರು ತಾವಾಗಿ ತಿಳಿಸುವರು. ಭಾರಿ ಆಟಗಳು ನಡೆಯದಿರಬಹುದು, ಬರವಣಿಗೆಗೂ ಲೆಕ್ಕಪತ್ರಕ್ಕೂ ಅಡ್ಡಿಯಾಗದು.