ಮನೆಯ ಕ್ಯಾಸೆಟ್ಟು, ಮನೆಯ ಪ್ರತಿ: ಕಾಯಿದೆ ಏನನ್ನುತ್ತದೆ?

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ಲಿಂಗೈಕ್ಯರಾದ ನಮ್ಮ ತಂದೆಯವರು ಕೂಡಿಸಿಟ್ಟ ನಲವತ್ತಕ್ಕೂ ಮಿಕ್ಕಿದ ಕ್ಯಾಸೆಟ್ಟುಗಳು ಅದರಲ್ಲಿವೆ. ಕಳೆದ ಶ್ರಾವಣದಲ್ಲಿ ಅದನ್ನು ಕೆಳಗಿಳಿಸಿ ನೋಡಿದಾಗ ಒಂದೆರಡು ಟೇಪುಗಳು ಬೂಷ್ಟು ಹಿಡಿದಿದ್ದವು. ಅವುಗಳ ನಡುವೆ ಹಿರಿಯ ಗಾಯಕರೊಬ್ಬರು ಹಾಡಿದ ವಚನಗಳ ಕ್ಯಾಸೆಟ್ಟೊಂದಿತ್ತು. ಅದರ ಎರಡನೆಯ ಬದಿಯ ಕೊನೆಯಲ್ಲಿ ಖಾಲಿ ಉಳಿದಿದ್ದ ಟೇಪಿನ ಮೇಲೆ, ಅಂಚಿನ ರಂಧ್ರಕ್ಕೆ ಕಾಗದದ ಚೂರು ತುರುಕಿ, ತಂದೆಯವರು ನಮ್ಮ ತಾಯಿಯವರ ಜೋಗುಳವನ್ನು ಮುದ್ರಿಸಿಕೊಂಡಿದ್ದರು. ತಾಯಿಯವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷಗಳು ಸಂದಿವೆ. ಅವರ ದನಿ ಉಳಿದಿರುವುದು ಆ ಹತ್ತು ನಿಮಿಷದ ಟೇಪಿನಲ್ಲಿ ಮಾತ್ರ.

ಹಾಳಾಗುವ ಮೊದಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಬಿಡೋಣವೆಂದು ಮಗ ಹೇಳಿದ. ಆಗ ಮೊಮ್ಮಗಳು ಕ್ಯಾಸೆಟ್ಟಿನ ಡಬ್ಬಿಯನ್ನು ತಿರುಗಿಸಿ, "ಪ್ರತಿ ಮಾಡುವುದು ಅಪರಾಧವೆಂದು ಇಲ್ಲಿ ಅಚ್ಚಾಗಿದೆಯಲ್ಲ ಅಜ್ಜ, ಇದು ಕಳ್ಳತನವಲ್ಲವೇ?" ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ. ಹಣ ಕೊಟ್ಟು ಕೊಂಡ ವಸ್ತು ನಮ್ಮದಲ್ಲವೇ ಎಂಬುದು ಒಂದು ಮಾತು. ಹಾಡಿದವರ ಕಾಯಕದ ಫಲ ಅವರಿಗೇ ಸೇರಬೇಕಲ್ಲವೇ ಎಂಬುದು ಇನ್ನೊಂದು ಮಾತು. ಈ ಸಂದೇಹ ಅನೇಕ ಮನೆಗಳಲ್ಲಿ ಇದ್ದೀತೆಂದು ಭಾವಿಸಿ, ನಾವು ಅರಿತದ್ದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ವಸ್ತು ಬೇರೆ, ಸ್ವಾಮ್ಯ ಬೇರೆ

ಮೊದಲು ತಿಳಿಯಬೇಕಾದದ್ದು ಇದು: ಕ್ಯಾಸೆಟ್ಟನ್ನು ಕೊಂಡಾಗ ನಮಗೆ ಸೇರುವುದು ಆ ಟೇಪು ಮತ್ತು ಅದರ ಡಬ್ಬಿ. ಅದರೊಳಗಿನ ಧ್ವನಿಯ ಪ್ರತಿಯನ್ನು ತೆಗೆಯುವ ಅಧಿಕಾರ ಧ್ವನಿಮುದ್ರಿಕೆಯ ನಿರ್ಮಾಪಕರದು. ನಮ್ಮ ದೇಶದಲ್ಲಿ ಇದನ್ನು ನಿಯಂತ್ರಿಸುವುದು 1957ರ ಕೃತಿಸ್ವಾಮ್ಯ ಕಾಯಿದೆ. ಹನ್ನೆರಡನೆಯ ಶತಮಾನದ ವಚನಗಳ ಮೂಲಪಾಠಕ್ಕೆ ಯಾರೂ ಸ್ವಾಮಿಗಳಲ್ಲ. ಅವು ಲೋಕದ ಸೊತ್ತು. ಆದರೆ ಆ ವಚನವನ್ನು ಹಾಡಿ ಮುದ್ರಿಸಿದ ಧ್ವನಿಮುದ್ರಿಕೆಗೆ ಅದು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷಗಳ ಕಾಲ ಪ್ರತ್ಯೇಕ ಸ್ವಾಮ್ಯವಿರುತ್ತದೆ. ಗ್ರಂಥಗಳಿಗಾದರೆ ಲೇಖಕರ ಆಯುಷ್ಯ ಮತ್ತು ಅವರ ನಿಧನಾನಂತರದ 60 ವರ್ಷಗಳು. ವಚನಗಳನ್ನು ಸಂಪಾದಿಸಿ ನಾಡಿಗೆ ನೀಡಿದ ಫ.ಗು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಆದ್ದರಿಂದ ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಸ್ವಂತ ಬರಹಗಳ ಸ್ವಾಮ್ಯದ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಅವನ್ನು ಯಾರು ಬೇಕಾದರೂ ಪ್ರತಿ ಮಾಡಬಹುದು.

2012ರ ತಿದ್ದುಪಡಿ

ಅವಧಿ ಮುಗಿಯದ ಕೃತಿಗಳ ಗತಿಯೇನು? ಇದಕ್ಕೆ ಉತ್ತರ ಕಾಯಿದೆಯ 52ನೆಯ ಕಲಮಿನಲ್ಲಿದೆ. ಯಾವ ಯಾವ ಕಾರ್ಯಗಳು ಸ್ವಾಮ್ಯದ ಉಲ್ಲಂಘನೆಯಲ್ಲವೆಂಬ ಪಟ್ಟಿ ಅಲ್ಲಿದೆ. ಅದರ ಮೊದಲನೆಯದೇ ನ್ಯಾಯೋಚಿತ ಬಳಕೆ. ಸೋಜಿಗದ ಸಂಗತಿಯೆಂದರೆ, ಕ್ಯಾಸೆಟ್ಟುಗಳು ಮನೆಮನೆಯಲ್ಲಿ ಮೊಳಗುತ್ತಿದ್ದ ಕಾಲದಲ್ಲಿ ಈ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ರಚನೆ ಮತ್ತು ಕಲಾಕೃತಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಧ್ವನಿಮುದ್ರಿಕೆಯೂ ಚಲನಚಿತ್ರವೂ ಅದರ ಹೊರಗಿದ್ದವು. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಕಂಪ್ಯೂಟರ್ ಕ್ರಮವಿಧಿಯೊಂದನ್ನು ಬಿಟ್ಟು ಮಿಕ್ಕ ಎಲ್ಲ ಬಗೆಯ ಕೃತಿಗಳನ್ನೂ ಖಾಸಗಿ ಅಥವಾ ಸ್ವಂತ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸಲು ಅವಕಾಶವಾಯಿತು. ಆ ಉದ್ದೇಶಕ್ಕಾಗಿ ಕೃತಿಯನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸಿಟ್ಟುಕೊಳ್ಳುವುದೂ ಉಲ್ಲಂಘನೆಯಲ್ಲವೆಂದು ವಿವರಣೆಯನ್ನೇ ಸೇರಿಸಲಾಯಿತು. ಕಂಪ್ಯೂಟರ್ ಕ್ರಮವಿಧಿಗೆ ಬೇರೆ ನಿಯಮವುಂಟು. ನ್ಯಾಯವಾಗಿ ಪಡೆದ ಪ್ರತಿಯಿದ್ದವರು, ಅದು ನಷ್ಟವಾದೀತೆಂಬ ಎಚ್ಚರಿಕೆಯಿಂದ ಇನ್ನೊಂದು ಪ್ರತಿಯನ್ನು ಇಟ್ಟುಕೊಳ್ಳಬಹುದು.

ಹೀಗಿರುವಾಗ, ಕೊಂಡ ಕ್ಯಾಸೆಟ್ಟನ್ನು ಮನೆಯವರು ಕೇಳಲೆಂದು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಗೃಹಸ್ಥನ ಪಕ್ಕದಲ್ಲಿ ಕಾಯಿದೆ ನಿಲ್ಲುತ್ತದೆ. ಆದರೆ 'ನ್ಯಾಯೋಚಿತ' ಎಂಬ ಮಾತಿಗೆ ಕಾಯಿದೆಯಲ್ಲಿ ಲಕ್ಷಣವಾಕ್ಯವಿಲ್ಲ. ಇಷ್ಟು ಪ್ರತಿ ಎಂಬ ಲೆಕ್ಕವೂ ಇಲ್ಲ. ಎಷ್ಟು ಭಾಗವನ್ನು ತೆಗೆದುಕೊಂಡರು, ಯಾವ ಉದ್ದೇಶಕ್ಕೆ ತೆಗೆದುಕೊಂಡರು, ಮೂಲಕೃತಿಯ ಮಾರಾಟಕ್ಕೆ ಅದು ಎದುರಾಳಿಯಾಗುವುದೇ ಎಂಬುದನ್ನೇ ನ್ಯಾಯಾಲಯಗಳು ತೂಗಿ ನೋಡುತ್ತವೆ. ನಮ್ಮ ಮನಸ್ಸಾಕ್ಷಿ ಕೇಳಬೇಕಾದ ಪ್ರಶ್ನೆಗಳೂ ಇವೇ ಅಲ್ಲವೇ?

ಗೆರೆ ದಾಟುವುದು ಎಲ್ಲಿ?

ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಅಂಗಡಿಗೆ ಕೊಟ್ಟು, ಬೇಕಾದ ಹಾಡುಗಳನ್ನು ತುಂಬಿಸಿಕೊಂಡು ಬರುತ್ತಿದ್ದ ದಿನಗಳನ್ನು ನಮ್ಮ ಓರಗೆಯವರು ಮರೆತಿಲ್ಲ. ನಾವೂ ಹಾಗೆ ಮಾಡಿದವರೇ. ಅಂಗಡಿಯವನಿಗೆ ಅದು ವ್ಯಾಪಾರ; ಗಾಯಕರಿಗೆ ಅದರಿಂದ ಒಂದು ಕಾಸೂ ಸೇರುತ್ತಿರಲಿಲ್ಲ. ಕಾಯಿದೆಯ ಕಣ್ಣಿನಲ್ಲಿ ಅದು ತಪ್ಪೇ ಆಗಿತ್ತು. ಇಂದು ಅದೇ ತಪ್ಪು ಬೇರೆ ವೇಷದಲ್ಲಿ ಬಂದಿದೆ. ಕೊಂಡ ಹಾಡನ್ನು ಇನ್ನೂರು ಜನರ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದರೆ, ಅಥವಾ ಯೂಟ್ಯೂಬಿಗೆ ಏರಿಸಿದರೆ, ಅದು ಸ್ವಂತ ಉಪಯೋಗವಾಗಿ ಉಳಿಯುವುದಿಲ್ಲ. ಹಣ ಪಡೆಯಲಿಲ್ಲ, ಭಕ್ತಿಯಿಂದ ಹಂಚಿದೆವು ಎಂಬ ಮಾತೊಂದೇ ರಕ್ಷಣೆಯಾಗದು. ತಿಳಿದೂ ತಿಳಿದೂ ಸ್ವಾಮ್ಯವನ್ನು ಉಲ್ಲಂಘಿಸಿದವರಿಗೆ 63ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಮೂಲವನ್ನು ಮಾರಿಬಿಟ್ಟು ಪ್ರತಿಯನ್ನು ಉಳಿಸಿಕೊಳ್ಳುವುದೂ ನ್ಯಾಯೋಚಿತವೆನಿಸದು. ಪ್ರತಿಯಿದ್ದಲ್ಲಿ ಮೂಲವೂ ಇರಲಿ.

ಕೆಲವು ಡಿವಿಡಿಗಳಿಗೆ ಪ್ರತಿ ತೆಗೆಯಲಾಗದಂತೆ ತಾಂತ್ರಿಕ ಬೀಗ ಹಾಕಿರುತ್ತಾರೆ. ಉಲ್ಲಂಘನೆಯ ಉದ್ದೇಶದಿಂದ ಅದನ್ನು ಮುರಿದರೆ 65ಎ ಕಲಮಿನಂತೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಕಾಯಿದೆ ನಿಷೇಧಿಸದ ಉದ್ದೇಶಕ್ಕೆ ಮುರಿದರೆ ಅಪರಾಧವಲ್ಲ. ಆದರೆ ಅದಕ್ಕೆ ನೆರವಾಗುವವನು ಯಾರಿಗಾಗಿ, ಏಕೆ ಮಾಡಿಕೊಟ್ಟನೆಂಬ ಪೂರ್ಣ ದಾಖಲೆಯನ್ನು ಇಡಬೇಕಾಗುತ್ತದೆ.

ಹೊರನಾಡಿನಲ್ಲಿರುವ ನಮ್ಮ ಬಂಧುಗಳು ಆಯಾ ದೇಶದ ಕಾಯಿದೆಯನ್ನು ವಿಚಾರಿಸಿಕೊಳ್ಳುವುದು ಲೇಸು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ, ದೂರದರ್ಶನದ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು ಬಿಡುವಾದಾಗ ನೋಡುವುದು ತಪ್ಪಲ್ಲವೆಂದು, ಐವರು ಮತ್ತು ನಾಲ್ವರ ಬಹುಮತದಿಂದ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ 2014ರ ಅಕ್ಟೋಬರಿನಲ್ಲಿ ಸ್ವಂತ ಪ್ರತಿಗೆ ಅನುಮತಿ ದೊರೆಯಿತು. ಸ್ವಾಮ್ಯದಾರರಿಗೆ ಪರಿಹಾರದ ಏರ್ಪಾಡಿಲ್ಲವೆಂಬ ವ್ಯಾಜ್ಯದಲ್ಲಿ 2015ರ ಜುಲೈಯಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ರದ್ದುಗೊಳಿಸಿತು.

ಮದುವೆಯ ವಿಡಿಯೋ, ಮಠದ ಪ್ರವಚನ

ನಾವು ಹಣ ಕೊಟ್ಟು ತೆಗೆಸಿದ ಮದುವೆಯ ಫೋಟೋ, ವಿಡಿಯೋಗಳ ಮೊದಲ ಸ್ವಾಮ್ಯ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದ ನಮ್ಮದೇ. ಕಾಯಿದೆಯ 17ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಅವುಗಳ ಪ್ರತಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಸಭೆಯಲ್ಲಿ ನಡೆದ ಪ್ರವಚನದ ಮಾತು ಹೀಗಲ್ಲ. ಅದರ ಮೊದಲ ಸ್ವಾಮ್ಯ ಪ್ರವಚನ ಮಾಡಿದವರದು. ಮನೆಯಲ್ಲಿ ಮತ್ತೆ ಕೇಳಲೆಂದು ಮುದ್ರಿಸಿಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಹಂಚುವ ಮುನ್ನ ಒಂದು ಮಾತು ಕೇಳಿ ಒಪ್ಪಿಗೆ ಪಡೆಯುವುದು ಕಾಯಿದೆಗೂ ಸೌಜನ್ಯಕ್ಕೂ ಸಲ್ಲುವ ನಡೆ.

ಇಳಿಸಿಕೊಳ್ಳುವ ಬಗೆ

ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ತಡೆಗಳನ್ನು ಮುರಿದುಬಿಡಿ. ಆಗ ಅಕಸ್ಮಾತ್ತಾಗಿ ಅದರ ಮೇಲೆ ಬೇರೇನೂ ಮುದ್ರಣವಾಗದು. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿರಿ. ಬೂಷ್ಟು ಹಿಡಿದ ಟೇಪನ್ನು ಮಾತ್ರ ಬಲ್ಲವರಿಂದ ಶುಚಿಗೊಳಿಸದೆ ಓಡಿಸಬಾರದು. ಪ್ಲೇಯರಿನ ಇಯರ್‌ಫೋನ್ ರಂಧ್ರದಿಂದ ಕಂಪ್ಯೂಟರಿಗೆ ತಂತಿ ಜೋಡಿಸಿದರೆ ಸಾಕು. 60 ನಿಮಿಷದ ಕ್ಯಾಸೆಟ್ಟು ಸಿ.ಡಿ. ಗುಣಮಟ್ಟದಲ್ಲಿ ಸುಮಾರು 600 ಮೆಗಾಬೈಟ್ ಜಾಗ ಹಿಡಿಯುತ್ತದೆ. ಎರಡು ಕಡೆ ಉಳಿಸಿಡಿ, ಮೂಲವನ್ನು ಎಸೆಯದಿರಿ.

ಕಡೆಗೆ ನಮ್ಮ ಕ್ಯಾಸೆಟ್ಟಿನ ಮಾತು. ಒಂದೇ ಟೇಪಿನಲ್ಲಿ ಇಬ್ಬರ ಸ್ವಾಮ್ಯವಿತ್ತು. ವಚನಗಾಯನ ಕಂಪನಿಯದು; ಜೋಗುಳವನ್ನು ಮುದ್ರಿಸಿದವರು ತಂದೆಯವರು, ಆದ್ದರಿಂದ ಅದು ಅವರ ಮಕ್ಕಳಾದ ನಮ್ಮದು. ಮಗ ಅದನ್ನು ಎರಡು ಕಡತಗಳಾಗಿ ಬೇರ್ಪಡಿಸಿದ. ವಚನಗಾಯನ ನಮ್ಮ ಮನೆಯಲ್ಲೇ ಉಳಿಯಿತು. ಬೇಕೆಂದ ತಂಗಿಗೆ, ಕಂಪನಿಯವರು ಅದನ್ನು ಈಗಲೂ ಮಾರುತ್ತಿದ್ದಾರೆ, ಕೊಂಡು ಕೇಳು ಎಂದೆವು. ಜೋಗುಳವನ್ನು ಮಾತ್ರ ಒಡಹುಟ್ಟಿದವರೆಲ್ಲರಿಗೂ ಅಂದೇ ಕಳುಹಿಸಿದೆವು. ರಾತ್ರಿ ತಂಗಿ ಫೋನು ಮಾಡಿದಳು. ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, "ಅವ್ವ ನಡುವೆ ಒಮ್ಮೆ ಕೆಮ್ಮುತ್ತಾಳೆ, ಅದನ್ನು ತೆಗೆಸಬೇಡ," ಎಂದಳು.

ಮೊಮ್ಮಗಳ ಪ್ರಶ್ನೆಗೆ ಈಗ ನಮ್ಮಲ್ಲಿ ಉತ್ತರವಿದೆ. ನಮ್ಮ ಮನೆಯೊಳಗೆ ಕೇಳಲು ಕಾಪಿಟ್ಟುಕೊಳ್ಳುವುದು ಕಳ್ಳತನವಲ್ಲ. ಮತ್ತೊಬ್ಬರ ಕಾಯಕದ ಫಲವನ್ನು ನಮ್ಮದೆಂಬಂತೆ ಹಂಚುವುದು ಮಾತ್ರ ಸಲ್ಲದು. ಸದ್ಭಕ್ತ ಬಂಧುಗಳು ತಮ್ಮ ಅಟ್ಟದ ಪೆಟ್ಟಿಗೆಗಳನ್ನು ಈ ಮಳೆಗಾಲಕ್ಕೆ ಮುಂಚೆಯೇ ಒಮ್ಮೆ ತೆರೆದು ನೋಡಲಿ.