ಕೊಡ ಎಣಿಸುತ್ತಿದ್ದ ಊರಲ್ಲಿ

ಉಮ್ಮತ್ತೂರಿನ ಒಡೆಯ ಗಂಗರಾಜ ಕೃಷ್ಣದೇವರಾಯನ ದಂಡಿಗೆ ಸೋತು ಓಡುವಾಗ ಶಿವನಸಮುದ್ರದ ಬಳಿ ಕಾವೇರಿಯಲ್ಲಿ ಮುಳುಗಿ ಸತ್ತ ಎನ್ನುತ್ತಾರೆ. 1510ರ ಆಸುಪಾಸಿನ ಮಾತು. ಅದಾಗಿ 500 ವರ್ಷಗಳ ಮೇಲೆ ಅದೇ ಊರಿನ ರೈತರು ನಮ್ಮ ಕೆರೆಗೆ ನದಿ ನೀರು ತುಂಬಿಸಿ ಎಂದು ಬೀದಿಗಿಳಿಯಬೇಕಾಯಿತು. ಒಡೆಯ ನೀರಲ್ಲಿ ಮುಳುಗಿದ, ಊರು ನೀರಿಗಾಗಿ ಬಾಯಿ ಬಿಟ್ಟಿತು. ಚರಿತ್ರೆಗೆ ಈ ಕುಚೋದ್ಯ ಹೊಸದೇನಲ್ಲ.

ಕೆರೆ ತುಂಬಲೇಬೇಕು, ಎರಡು ಮಾತಿಲ್ಲ. ತುಂಬಿದರೆ ಸುತ್ತಲ ಕೊಳವೆಬಾವಿಗಳಿಗೂ ಜೀವ ಬರುತ್ತದೆ. ಆದರೆ ಕೆರೆಯ ಮಾತು ಬಂದಾಗ ಏರುವ ನಮ್ಮ ದನಿ ಬಚ್ಚಲ ಮಾತು ಬಂದರೆ ಏಳುವುದೇ ಇಲ್ಲ.

ಬಾವಿಯಿಂದ ಸೇದಿ, ಸೊಂಟದ ಮೇಲೆ ಹೊತ್ತು ತರುತ್ತಿದ್ದ ಕಾಲದಲ್ಲಿ ಹೆಂಗಸರಿಗೆ ನೀರಿನ ಲೆಕ್ಕ ಬಾಯಿಪಾಠ: ಅಡುಗೆಗೆ ಇಷ್ಟು ಕೊಡ, ಹಂಡೆಗೆ ಇಷ್ಟು, ದನಕ್ಕೆ ಇಷ್ಟು. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಕಲಗಚ್ಚು ಎಮ್ಮೆಗೆ. ಮುಸುರೆ ತಿಕ್ಕಿದ ನೀರು ಹಿತ್ತಲ ಬಾಳೆಗೆ. ಅದನ್ನು ಯಾರೂ ಜಲಸಂರಕ್ಷಣೆ ಎಂದು ಕರೆಯಲಿಲ್ಲ. ಸೊಂಟದ ನೋವೇ ಲೆಕ್ಕ ಕಲಿಸಿತ್ತು. ಆ ನೋವು ತಿರುಗಿ ಬರಲಿ ಎಂದು ನಾನಂತೂ ಹೇಳಲಾರೆ. ನಲ್ಲಿ ಬಂದದ್ದು ಒಳ್ಳೆಯದೇ. ನಲ್ಲಿಯ ಜೊತೆ ಸಿಮೆಂಟಿನ ಚರಂಡಿಯೂ ಬಂತಲ್ಲ, ಅಲ್ಲಿ ಎಡವಿದೆವು. ಹಿತ್ತಲಿಗೆ ತಿರುಗುತ್ತಿದ್ದ ನೀರು ಬೀದಿಗೆ ಹರಿದು ಸೊಳ್ಳೆ ಸಾಕತೊಡಗಿತು.

ಅದನ್ನು ಮತ್ತೆ ಹಿತ್ತಲಿಗೆ ತಿರುಗಿಸುವುದು ದೊಡ್ಡ ಕೆಲಸವೇನಲ್ಲ. ಬಚ್ಚಲ ತೂಬಿನ ಮುಂದೆ ಒಂದು ಗುಂಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಸುತ್ತ ನಾಲ್ಕು ಬಾಳೆಕಂದು. ಉದ್ಯೋಗ ಖಾತ್ರಿಯಲ್ಲಿ ಹಳ್ಳಿಗಳಲ್ಲಿ ತೋಡಿಸಿದ ಬಚ್ಚಲುಗುಂಡಿಗಳಿಗೆ ಬಾಳೆಯೊಂದು ಸೇರಿದರೆ ನೀರು ಇಂಗುವುದಷ್ಟೇ ಅಲ್ಲ, ಗೊನೆಯೂ ಆಗುತ್ತದೆ. ಒಂದು ಎಚ್ಚರ: ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಬಿಡಬೇಡಿ. ಬಾಳೆ, ತೆಂಗು ತಾಳಿಕೊಳ್ಳುತ್ತವೆ, ಕೊತ್ತಂಬರಿ ತಾಳದು.

ಇನ್ನು ಸೂರಿನ ನೀರು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. 30-40 ಅಡಿಯ ತಾರಸಿ ಸುಮಾರು 111 ಚದರ ಮೀಟರ್. ನಮ್ಮದು ಬಯಲುಸೀಮೆಯ ಮಳೆ. ವರ್ಷಕ್ಕೆ 700 ಮಿ.ಮೀ. ಎಂದಿಟ್ಟುಕೊಂಡರೂ ಬೀಳುವುದು 77 ಸಾವಿರ ಲೀಟರ್. ಆವಿ, ಸೋರಿಕೆ ಕಳೆದು 60 ಸಾವಿರ ಸಿಕ್ಕೀತು. ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಐದು ಜನರ ಮನೆಗೆ 275. ಭಾಗಿಸಿ ನೋಡಿ, ಏಳು ತಿಂಗಳ ನೀರು ನಮ್ಮದೇ ನೆತ್ತಿಯ ಮೇಲಿದೆ.

ಅಷ್ಟನ್ನೂ ಹಿಡಿದಿಡಲು ತೊಟ್ಟಿ ಎಲ್ಲಿ ಎಂದು ಕೇಳುವವರಿಗೆ ಬೆಂಗಳೂರಿನ ವಿಜಯನಗರದಲ್ಲಿ ಒಂದು ಉತ್ತರವಿದೆ. ವಿಜ್ಞಾನಿ ಎ.ಆರ್. ಶಿವಕುಮಾರ್ 1990ರ ದಶಕದ ಮಧ್ಯದಲ್ಲಿ ಕಟ್ಟಿಸಿದ 'ಸೌರಭ' ಮನೆ ಮಳೆ ನೀರಿನಲ್ಲೇ ನಡೆಯುತ್ತ ಬಂದಿದೆ. ವರ್ಷಕ್ಕೆ ಎಷ್ಟು ಮಳೆ ಎಂಬುದಕ್ಕಿಂತ ಎರಡು ಒಳ್ಳೆಯ ಮಳೆಗಳ ನಡುವೆ ಎಷ್ಟು ದಿನ ಖಾಲಿ ಎಂಬುದನ್ನು ಅವರು ಮೊದಲು ನೋಡಿದರು. ಆ ಅಂತರ ದಾಟುವಷ್ಟು ತೊಟ್ಟಿ ಇದ್ದರೆ ಸಾಕು. ನಮ್ಮ ಕಡೆ ಮುಂಗಾರಿಗಿಂತ ಮುಂಚಿನ ಮಳೆಯೂ ಉಂಟು, ಹಿಂಗಾರಿನದೂ ಉಂಟು. ಮಳೆ ಎರಡು ಕಂತಿನಲ್ಲಿ ಬರುವುದು ತೊಟ್ಟಿಗೆ ಅನುಕೂಲವೇ. ಕಷ್ಟವೆಲ್ಲ ಸಂಕ್ರಾಂತಿಯಿಂದ ಯುಗಾದಿಯವರೆಗೆ.

ಆ ದಿನಗಳಲ್ಲಿ ಹಿತ್ತಲು ಉಳಿಸುವುದು ಪೈಪಿಗಿಂತ ಕಸ. ತೆಂಗಿನ ಸಿಪ್ಪೆ, ಅವರೆ ಹೊಟ್ಟು, ಒಣಗಿದ ಗರಿ ಬುಡಕ್ಕೆ ಹೊದಿಸಿದರೆ ನೆಲದ ತೇವ ಬೇಗ ಆರುವುದಿಲ್ಲ. ಈ ಕಸಕ್ಕೆ ಬೆಂಕಿ ಹಾಕಿ, ಆಮೇಲೆ ಗಿಡ ಒಣಗಿತೆಂದು ಮೋಟರು ಹಾಕುವ ನಮ್ಮ ಜಾಣತನಕ್ಕೆ ಏನೆನ್ನಲಿ! ಬಾಯಿ ಒಡೆದ ಹಳೆಯ ಮಡಕೆಯನ್ನು ಕುಂಬಳ, ಸೋರೆ ಬಳ್ಳಿಯ ಪಕ್ಕ ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ ಮಣ್ಣು ಬೇಕಾದಷ್ಟನ್ನೇ ಹೀರಿಕೊಳ್ಳುತ್ತದೆ. ಬಣ್ಣ ಬಳಿದ ಮಡಕೆ ಮಾತ್ರ ಬೇಡ, ಅದು ಜಿನುಗದು.

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಅಷ್ಟರೊಳಗೆ ತಾರಸಿ ಗುಡಿಸಿ, ಹುಣಸೆ ಎಲೆ ಕಟ್ಟಿಕೊಂಡ ದೋಣಿ ತೊಳೆದಿಡಬೇಕು. ಮೊದಲ ಮಳೆಯ ಧೂಳು ನೀರು ತೊಟ್ಟಿಗೆ ಬೇಡ, ಬಾಳೆಗೆ ಹೋಗಲಿ.